ಮುಚ್ಚಿಡಲು ನಮ್ಮಲ್ಲೇನಿದೆ?

ಮುಚ್ಚಿಡಲು ನಮ್ಮಲ್ಲೇನಿದೆ? ಹೊಸ ಅಗ್ರಹಾರದಿಂದ ಹುಣಸೂರಿನವರೆಗೆ ಮೊಬೈಲ್ ಹಿಡಿದವರ ಮಾತಿದು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆಡಹಬಾರದೆಂಬ ನಿಯಮವನ್ನರಿತ ಕಥೋಲಿಕರಾದ ನಮಗೆ ಈ ಮಾತು ಒಪ್ಪುವಂಥದ್ದಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದಾಗಿಯೇ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಹದಿನೆಂಟು ತುಂಬದವರ ವಿವರ ಬಳಸಲು ಕಂಪನಿಗಳು ಹೆತ್ತವರ ಒಪ್ಪಿಗೆ ಪಡೆಯಬೇಕೆಂಬ ವಿಧಿ 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿದೆ.

ಒಪ್ಪಿಗೆಯನ್ನೊತ್ತುವ ಬೆರಳು ಮಾತ್ರ ನಮ್ಮದೇ! ಪ್ರಥಮ ಪರಮಪ್ರಸಾದದ ದಿನ ಮಗುವಿನ ಹೆಸರು, ಶಾಲೆ, ಜನ್ಮದಿನಗಳ ಸಹಿತ ಚಿತ್ರವನ್ನು ಫೇಸ್‌ಬುಕ್ಕಿಗೇರಿಸುವವರೂ ನಾವೇ. ದೂರದ ನೆಂಟರಿಗೆ ಅಂಚೆಯಲ್ಲಿ ಒಂದು ಫೋಟೋ ಕಳುಹಿಸಿದರೆ ಸಾಲದೇ?