ತತ್ತ್ವಪದವೂ ಧ್ವನಿಮುದ್ರಿಕೆಯೂ

ಕಿವಿಗೆ ಹಿತವಾದುದೆಲ್ಲವೂ ಮನಸ್ಸಿಗೆ ಅರ್ಥವಾಗಿರಬೇಕೆಂಬ ನಿಯಮವಿಲ್ಲ. ಹಾಗೆಯೇ, ಹೊಸ ವಾದ್ಯದೊಡನೆ ಬಂದುದೆಲ್ಲವೂ ತ್ಯಾಜ್ಯವೆಂಬ ನಿಯಮವೂ ಇಲ್ಲ. ಈ ಎರಡು ಮಾತುಗಳನ್ನು ನೆನಪಿನಲ್ಲಿರಿಸಿಕೊಂಡು ವಿಚಾರಿಸತಕ್ಕ ಪ್ರಶ್ನೆಯೊಂದು ಇಂದು ಶಾಲೆಗಳ ಹೊಸ್ತಿಲಿಗೇ ಬಂದು ನಿಂತಿದೆ. ಶಿಶುನಾಳ ಶರೀಫರ ತತ್ತ್ವಪದಗಳು ಅನೇಕ ವಿದ್ಯಾರ್ಥಿಗಳಿಗೆ ಮೊದಲು ಪರಿಚಯವಾಗುತ್ತಿರುವುದು ಭಜನಾ ಮೇಳದ ಏಕತಾರಿ ತಾಳಗಳಿಂದಲ್ಲ, ಗಿಟಾರು ಡ್ರಮ್ಮುಗಳ ವಾದ್ಯವೃಂದದ ಧ್ವನಿಮುದ್ರಿಕೆಗಳಿಂದ. ಇದಕ್ಕೆ ಹರ್ಷಿಸಬೇಕೆ, ವಿಷಾದಿಸಬೇಕೆ?

ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, ಭರತನಾಟ್ಯವನ್ನೂ ಅಭ್ಯಸಿಸಿದ ರಘು ದೀಕ್ಷಿತರ ನೇತೃತ್ವದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಗಾಯನ ತಂಡದ ಮೊದಲ ಗೀತಸಂಪುಟ ‘ಅಂತರಾಗ್ನಿ’ 2008ರಲ್ಲಿ ಹೊರಬಂದಿತು. ಅನ್ಯಭಾಷೆಯ ಗೀತೆಗಳ ನಡುವೆ ಶರೀಫರ ಗುಡಗುಡಿಯ ಪದವೂ ಅದರಲ್ಲಿ ಸ್ಥಾನ ಪಡೆಯಿತು. 2010ರಲ್ಲಿ ಆ ತಂಡ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡರ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಭಾಗವಹಿಸಿತು. 2013ರ ‘ಜಗ್ ಚಂಗಾ’ ಸಂಪುಟದಲ್ಲಿ ಲೋಕದ ಕಾಳಜಿಯನ್ನು ಕುರಿತ ಶರೀಫರ ಪದ ಸೇರಿತು. ಶಿಗ್ಗಾವಿ ತಾಲ್ಲೂಕಿನ ಒಂದು ಹಳ್ಳಿಯ ಪದ ಹೀಗೆ ಕಡಲಾಚೆಯ ಕಿವಿಗಳನ್ನು ಮುಟ್ಟಿದುದು ಅಭಿಮಾನಪಡತಕ್ಕ ಸಂಗತಿಯೇ ಸರಿ.

ಅಂದು ವಿದ್ಯಾರ್ಥಿಗಳಾಗಿದ್ದು ಈ ತಂಡಕ್ಕೆ ಮನಸೋತವರು ಇಂದು ನಡುವಯಸ್ಸಿನವರಾಗಿದ್ದಾರೆ. ಶಿಶುನಾಳವಿರುವ ಹಾವೇರಿ ಜಿಲ್ಲೆಯಲ್ಲಿಯೇ, ಹಿರೇಕೆರೂರು ತಾಲ್ಲೂಕಿನ ಅಬಲೂರಿನಂಥ ಊರಿನಲ್ಲಿ ಕುಳಿತು ಇಂಥ ಬಹುಕಾಲದ ಅಭಿಮಾನಿಯೊಬ್ಬನು ಆ ತಂಡದ ಕಛೇರಿಯ ಮುದ್ರಿಕೆಯನ್ನು ನೋಡುವಾಗ ಅವನ ಮನಸ್ಸಿನಲ್ಲಿ ಏನು ನಡೆಯುತ್ತದೆ? ಮೊದಲ ಸಲ ಕಣ್ಣಿಗೆ ಬೀಳುವುದು ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಗಾಯಕ. ಕಿವಿಗೆ ಬೀಳುವುದು ಡ್ರಮ್ಮಿನ ಪೆಟ್ಟು ಮತ್ತು ಸಭೆಯ ಕೇಕೆ. ಕನ್ನಡವರಿಯದ ಜನರೂ ಪಲ್ಲವಿಗೆ ಧ್ವನಿಗೂಡಿಸುವುದನ್ನು ಕಂಡು ಅವನ ಎದೆ ಉಬ್ಬುತ್ತದೆ. ಹತ್ತನೆಯ ಸಲ ಕೇಳುವಾಗ ಪೆಟ್ಟು ಹಿಂದೆ ಸರಿದು ಮಾತು ಮುಂದೆ ಬರುತ್ತದೆ. ಪುನಃ ಪುನಃ ಕೇಳುವ ಈ ಸೌಲಭ್ಯವೇ ಧ್ವನಿಮುದ್ರಿಕೆಯ ಪರಮೋಪಕಾರ. ಆದರೆ ಅದೇ ಹತ್ತನೆಯ ಸಲ ಅವನಿಗೆ ಕೊರತೆಯೂ ತೋರುತ್ತದೆ: ಪಲ್ಲವಿಯ ಆವೃತ್ತಿಗೆ ದೊರೆತ ಅವಕಾಶ ಚರಣಗಳ ಅರ್ಥಕ್ಕೆ ದೊರೆತಿಲ್ಲ, ಧಾರವಾಡ ಸೀಮೆಯ ಮಾತಿನ ಗಡಸು ವೇಗದ ಲಯದಲ್ಲಿ ನುಣ್ಣಗಾಗಿದೆ.

ಹಳೆಯ ಧಾಟಿಯೇ ಶುದ್ಧ, ಹೊಸತು ಅಪಚಾರ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಶರೀಫರ ಜೀವಿತಕಾಲ 1819ರಿಂದ 1889. ಗೌಹರ್ ಜಾನ್ ಕಲಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದುದು 1902ರಲ್ಲಿ, ಅಂದರೆ ಶರೀಫರು ಐಕ್ಯರಾದ 13 ವರ್ಷಗಳ ತರುವಾಯ. ಶರೀಫರ ಕಂಠ ಯಾವ ಮುದ್ರಿಕೆಯಲ್ಲಿಯೂ ಉಳಿದಿಲ್ಲ. ಇಂದು ಹಲವರು ‘ಮೂಲ ಧಾಟಿ’ಯೆಂದು ಭಾವಿಸುವುದು ಸಿ. ಅಶ್ವತ್ಥರು ಅಳವಡಿಸಿದ ರಾಗಸಂಯೋಜನೆಗಳನ್ನು. ಟಿ.ಎಸ್. ನಾಗಾಭರಣರ ನಿರ್ದೇಶನದಲ್ಲಿ 1990ರಲ್ಲಿ ಬಂದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದ ಅವು ಮನೆಮನೆಗೆ ತಲುಪಿದವು. ಅವೂ ಒಂದು ಕಾಲಕ್ಕೆ ಹೊಸವೇ. ಆದುದರಿಂದ ವಾದ್ಯವನ್ನು ಮುಂದುಮಾಡಿಕೊಂಡು ಹೂಡುವ ವ್ಯಾಜ್ಯ ನಿಲ್ಲಲಾರದು.

ನಿಲ್ಲತಕ್ಕ ವ್ಯಾಜ್ಯ ಬೇರೊಂದಿದೆ. ಗುಡಗುಡಿಯ ಪದದಲ್ಲಿ ಮನಸ್ಸೇ ಸಂಚಿ. ಕೊಚ್ಚಿ ತುಂಬಿ ಸುಡಬೇಕಾದುದು ಮೋಹ. ಸೇದಿ ಬಿಡಬೇಕಾದುದು ಹೊಗೆಯನ್ನಲ್ಲ, ದೇಹಾಭಿಮಾನವನ್ನು. ಈ ರೂಪಕವನ್ನು ಬಿಡಿಸಿ ಹೇಳುವವರಿಲ್ಲದೆ ಹದಿನಾಲ್ಕು ವರ್ಷದ ಬಾಲಕ ಪಲ್ಲವಿಯನ್ನಷ್ಟೇ ಬಾಯಿಪಾಠ ಮಾಡಿದರೆ, ವ್ಯಸನವನ್ನು ತೊರೆಯಹೇಳಿದ ಪದವೇ ಅವನಿಗೆ ವ್ಯಸನದ ಜಯಘೋಷವಾಗಿ ಕೇಳಿಸೀತು. ಇದು ಸಣ್ಣ ಅಪಾಯವಲ್ಲ. ಆಲಂಕಾರಿಕರು ಕಾವ್ಯದ ಆತ್ಮವನ್ನು ‘ಧ್ವನಿ’ಯೆಂದರು, ಯಂತ್ರವು ಮುದ್ರಿಸಿಕೊಳ್ಳುವುದು ಕಂಠದ ಧ್ವನಿಯನ್ನು ಮಾತ್ರ. ವಾಚ್ಯಾರ್ಥವನ್ನು ದಾಟಿ ವ್ಯಂಗ್ಯಾರ್ಥವನ್ನು ಮುಟ್ಟಿಸುವ ಕೆಲಸವನ್ನು ಅದು ಮಾಡಲಾರದು. ಊರ ಭಜನೆಯಲ್ಲಿ ಆ ಕೆಲಸಕ್ಕೆ ಎಡೆಯುಂಟು: ಹಾಡಿನ ನಡುವೆ ನಿಲ್ಲಿಸಿ ಅರ್ಥ ಕೇಳಬಹುದು, ಹಿರಿಯರು ಹೇಳಬಹುದು. ಮುದ್ರಿಕೆಯನ್ನು ನಿಲ್ಲಿಸಬಹುದು, ಪ್ರಶ್ನಿಸಲಾಗದು. ರಘು ದೀಕ್ಷಿತರು ಪರಭಾಷೆಯ ಸಭೆಗಳಲ್ಲಿ ಹಾಡುವ ಮುನ್ನ ಪದದ ಆಶಯವನ್ನು ವಿವರಿಸುವುದುಂಟು. ಪರದೇಶದ ಕೇಳುಗನಿಗೆ ದೊರೆಯುವ ವ್ಯಾಖ್ಯಾನ ಈ ನೆಲದ ಮಕ್ಕಳಿಗೆ ದೊರೆಯದಿದ್ದರೆ ಅದು ಗಾಯಕನ ದೋಷವಲ್ಲ, ಪಾಠಪ್ರವಚನದ ದೋಷ.

ಅಬಲೂರು ಈ ವಿಷಯದಲ್ಲಿ ಪಾಠ ಹೇಳಬಲ್ಲ ಊರು. ಅಲ್ಲಿಯ ಸೋಮೇಶ್ವರ ದೇಗುಲದ ಶಾಸನದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತ ಶತಮಾನಗಳಿಂದ ಕಲ್ಲಿನಲ್ಲಿ ನಿಂತಿದೆ. ಹಳಗನ್ನಡ ಲಿಪಿಯನ್ನು ಬಲ್ಲವನು ಬಂದು ಓದುವವರೆಗೆ ಆ ಕಲ್ಲು ಮೌನಿ. ಅದೇ ಊರಿನೊಡನೆ ಹೆಸರು ಕೂಡಿಕೊಂಡಿರುವ ಸರ್ವಜ್ಞನ ತ್ರಿಪದಿಗಳಾದರೋ ಜನರ ನಾಲಿಗೆಯ ಮೇಲೆ ಬದುಕಿ, ಉತ್ತಂಗಿ ಚನ್ನಪ್ಪನವರ ಪರಿಶ್ರಮದಿಂದ 1924ರಲ್ಲಿ ಗ್ರಂಥರೂಪ ತಾಳಿದವು. ನಾಲಿಗೆಯಿಂದ ಪುಸ್ತಕಕ್ಕೆ ಬಂದುದರಿಂದ ಅವು ಕೆಡಲಿಲ್ಲ. ಅರ್ಥ ಹೇಳುವವರು ಇದ್ದುದರಿಂದ ಉಳಿದವು. ಹಾಗೆಯೇ ತತ್ತ್ವಪದ ಮುದ್ರಿಕೆಗೆ ಬಂದುದರಿಂದ ಕೆಡುವುದಿಲ್ಲ.

ಆದುದರಿಂದ ಅಧ್ಯಾಪಕರು ವಿದ್ಯಾರ್ಥಿಯ ಕೈಯಿಂದ ಆ ಹಾಡನ್ನು ಕಿತ್ತುಕೊಳ್ಳದೆ ತರಗತಿಯೊಳಕ್ಕೆ ಬರಮಾಡಿಕೊಳ್ಳುವುದು ಲೇಸು. ತಿಂಗಳಿಗೊಂದು ಅವಧಿ ಸಾಕು. ಮೊದಲ ಬಾರಿ ಮಕ್ಕಳು ಸುಮ್ಮನೆ ಕೇಳಲಿ. ಎರಡನೆಯ ಬಾರಿ ಪದದ ಪೂರ್ಣಪಾಠವನ್ನು ಕೈಯಲ್ಲಿ ಹಿಡಿದು ಕೇಳಲಿ. ಮೂರನೆಯ ಬಾರಿಗೆ ಮುನ್ನ ಒಂದೊಂದು ರೂಪಕವನ್ನೂ ಬಿಡಿಸಿ ಹೇಳಲಿ. ವರ್ಷಕ್ಕೊಮ್ಮೆ ಶಿಗ್ಗಾವಿ ಸೀಮೆಯ ಭಜನಾ ಮೇಳವೊಂದನ್ನು ಶಾಲೆಗೆ ಕರೆಸಿ, ಅದೇ ಪದವನ್ನು ಅವರಿಂದಲೂ ಹಾಡಿಸಲಿ. ಇದಕ್ಕೆ ತಗಲುವ ವೆಚ್ಚ ಅಲ್ಪ. ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಭಾರವಾಗುವಂಥದಲ್ಲ. ತಂಡದ ಮೇಲಿನ ಅಭಿಮಾನ ಶರೀಫರ ಮೇಲಿನ ಅಭಿಮಾನವಾಗಿ, ಅದು ಕನ್ನಡದ ಅನುಭಾವದ ಅರಿವಾಗಿ ಬೆಳೆದರೆ ಗೆಜ್ಜೆಯ ಸದ್ದೂ ಡ್ರಮ್ಮಿನ ಪೆಟ್ಟೂ ಸಾರ್ಥಕವಾದಾವು.