ಸರ್ವರಿಗೆ ಗಡಿಯಿಲ್ಲ, ದುಡಿಯುವವನಿಗೆ ಬೇಲಿ

ಹವಲ್ಲಿಯ ಬಾಡಿಗೆ ಕೋಣೆಯಲ್ಲಿ ಕುಳಿತ ಕನ್ನಡಿಗ ಎಂಜಿನಿಯರ್ ಫ್ರಾಂಕ್‌ಫರ್ಟ್‌ನ ಸರ್ವರನ್ನು ಆಳಬಲ್ಲ. ಟೆರಾಫಾರ್ಮ್ ಕ್ಲೌಡಿನಲ್ಲಿ ಯಂತ್ರವನ್ನು ಸಜ್ಜುಗೊಳಿಸುತ್ತದೆ. ಅದರ ಸ್ಥಿತಿ ಹೇಗಿರಬೇಕೆಂದು ನಿಕ್ಸ್‌ಓಎಸ್‌ನ ಕಡತವೊಂದು ಘೋಷಿಸುತ್ತದೆ. ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಒಂದೇ ಆದೇಶ ಸಾಕು.

ಆದರೆ ಅವನೇ ಊರಿಗೆ ಮರಳಬೇಕಾದರೆ? 2025ರ ಜುಲೈ 1ರಿಂದ, 18ನೇ ವಿಧಿಯ ವೀಸಾದ ಮೇಲೆ ಕುವೈತ್‌ನ ಖಾಸಗಿ ವಲಯದಲ್ಲಿ ದುಡಿಯುವ ವಿದೇಶಿಯರು ದೇಶ ಬಿಡಲು ಮಾಲೀಕರ ಒಪ್ಪಿಗೆ ಕಡ್ಡಾಯ. ತಾಯಿಯ ಅಂತ್ಯಕ್ರಿಯೆಗೂ ಅರ್ಜಿ! ಅರ್ಜಿ ಆನ್‌ಲೈನ್ ಆದ ಮಾತ್ರಕ್ಕೆ ಅದನ್ನು ಸುಧಾರಣೆ ಎನ್ನಲಾಗದು. ಅದು ನೌಕರನ ವಾಸದ ಹಕ್ಕನ್ನು ಪ್ರಾಯೋಜಕನ ಕೈಗೊಪ್ಪಿಸುವ ಕಫಾಲಾ ಪದ್ಧತಿಯ ಹೊಸ ಬೀಗ. ದೂರದಿಂದಲೇ ಕೆಲಸ ಸಾಗುವ ಕಾಲದಲ್ಲಿ ಕೆಲಸಗಾರನನ್ನೇ ಕಟ್ಟಿಹಾಕುವುದು ಅಧಿಕಾರದ ಹಪಾಹಪಿ. ಮುಕ್ತ ತಂತ್ರಾಂಶವನ್ನು ಕೊಂಡಾಡುವ ಅನಿವಾಸಿ ಕನ್ನಡಿಗರಿಗೆ ಈ ಬಂಧನದ ಮುಂದೆ ಮೌನವಾಗಿರುವ ನೈತಿಕ ಹಕ್ಕಿಲ್ಲ.