ವಾಲ್ವಿಗೆ ತಕ್ಕ ಸ್ಪೀಕರು

ಹಳೆಯ ಮಾದರಿಯ ವಾಲ್ವ್ ಆಂಪ್ಲಿಫೈಯರುಗಳ ಮೇಲಣ ಪ್ರೀತಿಯು ಗೃಹಸ್ಥರಲ್ಲಿ ಮತ್ತೆ ಚಿಗುರಿರುವುದು ಸಂತೋಷದ ಸಂಗತಿ. ಆದರೆ ಆಂಪ್ಲಿಫೈಯರನ್ನು ತಂದವರು, ಅದಕ್ಕೆ ಒಪ್ಪುವ ಸ್ಪೀಕರು ಯಾವುದೆಂದು ವಿಚಾರಿಸದೆ, ಬೆಲೆಯುಳ್ಳ ತಂತಿಗಾಗಿ ಹಣವನ್ನು ಚೆಲ್ಲುವುದುಂಟು. ವಧೂವರರ ಹೊಂದಿಕೆಯನ್ನು ನೋಡದೆ ಚಪ್ಪರದ ಅಲಂಕಾರಕ್ಕೆ ಸಾಲ ಮಾಡಿದಂತೆ ಇದು.

ಮೊದಲು ನೋಡತಕ್ಕುದು ಓಮಿನ ಲೆಕ್ಕ. ವಾಲ್ವು ಹೆಚ್ಚು ವೋಲ್ಟಿನಲ್ಲಿ ಅಲ್ಪ ಪ್ರವಾಹವನ್ನು ಕೊಡುವುದು. ಸ್ಪೀಕರಾದರೋ ಅಲ್ಪ ವೋಲ್ಟಿನಲ್ಲಿ ಹೆಚ್ಚು ಪ್ರವಾಹವನ್ನು ಬೇಡುವುದು. ಇವೆರಡರ ನಡುವೆ ಸಂಧಾನ ಮಾಡುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಇಎಲ್ 84 ಎಂಬ ಪ್ರಸಿದ್ಧ ವಾಲ್ವು ಒಂಟಿಯಾಗಿ ದುಡಿಯುವಾಗ ಸುಮಾರು 5,200 ಓಮಿನ ಹೊರೆಯನ್ನು ಬಯಸುವುದು. ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಪ್ರಮಾಣವು 25ಕ್ಕೆ 1 ಆಗಿದ್ದರೆ, 25ರ ವರ್ಗವಾದ 625ರಿಂದ ಸ್ಪೀಕರಿನ 8 ಓಮನ್ನು ಗುಣಿಸಲು 5,000 ಬರುವುದು, ಬಹುಮಟ್ಟಿಗೆ ಸರಿಹೋಯಿತು. ಅಲ್ಲಿಗೇ 4 ಓಮಿನ ಸ್ಪೀಕರನ್ನು ಕಟ್ಟಿದರೆ ಹೊರೆಯು 2,500ಕ್ಕೆ ಇಳಿದು, ಶಕ್ತಿಯು ಕುಗ್ಗಿ ಧ್ವನಿಯು ಕೆಡುವುದು. ಆದುದರಿಂದಲೇ ಅನೇಕ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ 4, 8, 16 ಎಂದು ತಂತಿ ಕಟ್ಟುವ ಬೇರೆಬೇರೆ ತಿರುಪುಗಳಿರುವುವು. ಸ್ಪೀಕರಿನ ಮೇಲೆ ಬರೆದ ಅಂಕಿಗೆ ಸಮನಾದುದನ್ನೇ ಆರಿಸಿಕೊಳ್ಳತಕ್ಕುದು.

ಎರಡನೆಯದು ಸ್ಪೀಕರಿನ ಸೂಕ್ಷ್ಮತೆ. 1 ವಾಟ್ ಶಕ್ತಿಯನ್ನು ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಧ್ವನಿಯನ್ನು ಡೆಸಿಬೆಲ್ಲುಗಳಲ್ಲಿ ಹೇಳುವರು. ಇದು 3 ಕಡಮೆಯಾದರೆ ಅಷ್ಟೇ ಧ್ವನಿಗೆ ಎರಡರಷ್ಟು ಶಕ್ತಿ ಬೇಕು. 98 ಡೆಸಿಬೆಲ್ಲಿನ ಸ್ಪೀಕರಿನಲ್ಲಿ 5 ವಾಟು ಮಾಡುವ ಕೆಲಸಕ್ಕೆ 86ರದರಲ್ಲಿ 80 ವಾಟು ಬೇಕಾಗುವುದು. ಒಂಟಿ ಇಎಲ್ 84 ಕೊಡುವುದು 5 ವಾಟಿನ ಆಸುಪಾಸು ಮಾತ್ರ. ಇದನ್ನರಿಯದೆ ಕೊಂಡವರು ಆಂಪ್ಲಿಫೈಯರನ್ನು ದೂರಿದರೆ ನ್ಯಾಯವೇ?

ಇನ್ನು ತಂತಿಯ ಮಾತು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 5 ಮೀಟರ್ ದೂರಕ್ಕೆ ಎಳೆದರೆ, ಹೋಗಿಬರುವ ದಾರಿ ಸೇರಿ ಅದರ ತಡೆಯು ಸುಮಾರು 0.07 ಓಮ್, 8 ಓಮಿನ ಮುಂದೆ ಇದು ನೂರರಲ್ಲಿ ಒಂದು ಪಾಲೂ ಆಗದು. ವಿದ್ಯುತ್ ಸಾಮಾನಿನ ಅಂಗಡಿಯ ಸಾಧಾರಣ ತಂತಿಯೇ ಸಾಕು. ಕೂದಲೆಳೆಯಂಥದು ಮಾತ್ರ ಬೇಡ. ಎರಡು ಸ್ಪೀಕರುಗಳಿಗೂ ಧನ ಋಣಗಳನ್ನು ಒಂದೇ ಕ್ರಮದಲ್ಲಿ ಕಟ್ಟಬೇಕು. ಒಂದರಲ್ಲಿ ತಿರುವುಮುರುವಾದರೆ ಮೃದಂಗದ ಗುಂಭವೇ ಅಡಗಿಹೋಗುವುದು.

ಕಡೆಯದಾಗಿ ಒಂದು ಎಚ್ಚರಿಕೆ. ಸ್ಪೀಕರನ್ನು ಕಟ್ಟದೆ ವಾಲ್ವ್ ಆಂಪ್ಲಿಫೈಯರನ್ನು ಎಂದಿಗೂ ನುಡಿಸಕೂಡದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟು ವಿಪರೀತವಾಗಿ ಏರಿ ಅದು ಸುಟ್ಟುಹೋಗಬಹುದು. ತಂತಿಯನ್ನು ಬದಲಿಸುವ ಮುನ್ನ ಸ್ವಿಚ್ಚನ್ನು ಆರಿಸಬೇಕು. ಆರಿಸಿದ ಮೇಲೆಯೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದಾದುದರಿಂದ, ತಿಳಿದವರ ಹೊರತು ಯಾರೂ, ಮುಖ್ಯವಾಗಿ ಮಕ್ಕಳು, ಪೆಟ್ಟಿಗೆಯನ್ನು ಬಿಚ್ಚಲಾಗದು.

ಹಣವನ್ನು ಸ್ಪೀಕರಿಗೆ ವೆಚ್ಚಮಾಡಿರಿ. ತಂತಿಯಲ್ಲಿ ಉಳಿದುದರಿಂದ ನಾಲ್ಕು ಒಳ್ಳೆಯ ಸಂಗೀತದ ಪ್ಲೇಟುಗಳು ಮನೆಗೆ ಬರಲಿ.